ಎಡಗಡೆ ಬಿದ್ದ ಹೂವು

ಹಲಸೂರು
20 ಜುಲೈ 2006, ಗುರುವಾರ

ಪ್ರಿಯ ಚಲುವಯ್ಯನವರಿಗೆ,

ನಿಮ್ಮ ಹೆಂಡತಿ ಜಯಮಾಲಾ ಮಾಡುವ ನಮಸ್ಕಾರಗಳು. 'ಪ್ರಿಯ' ಅಂತ ಬರೆಯಲೋ ಬೇಡವೋ ಎಂದು ಒಂದು ಲೋಟ ಕಾಫಿ ಆರಿಹೋಗುವಷ್ಟು ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಕೊನೆಗೆ ಬರೆದೆ. ಕೋಪ ಇಳಿದಿದೆ ಅಂತ ಮಾತ್ರ ತಿಳಿಯಬೇಡಿ. ಹನ್ನೆರಡು ವರ್ಷದ ಅಭ್ಯಾಸ, ಕೈ ತಾನಾಗಿಯೇ ಬರೆಯಿತು.

ಹಲಸೂರಿನಿಂದ ಕೆ.ಆರ್. ಪುರಕ್ಕೆ ಒಂದೇ ಬಸ್ಸು. ಅಷ್ಟು ಹತ್ತಿರ ಇರುವ ಗಂಡನಿಗೆ ಕಾಗದ ಬರೆಯುವ ಹೆಂಗಸು ಈ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ಫೋನ್ ಮಾಡಿದರೆ ಮೂರನೇ ಮಾತಿಗೆ 'ಆಮೇಲ್ ಮಾಡ್ತೀನಿ' ಅಂತ ಇಟ್ಟುಬಿಡುತ್ತೀರಿ. ಎರಡನೇ ಶನಿವಾರ ಪ್ರಿಯಾಳನ್ನು ಕರೆದುಕೊಂಡು ಹೋಗಲು ಬಂದರೆ ಗಾಡಿಯಿಂದ ಇಳಿಯುವುದೇ ಇಲ್ಲ, ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತೀರಿ. ಹೆತ್ತ ಮಗಳನ್ನು ಹಾರ್ನ್ ಹೊಡೆದು ಕರೆಯುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಕಾಗದವಾದರೆ ಕೊನೆಯವರೆಗೂ ಓದುತ್ತೀರಿ. ಕೊನೆಯಲ್ಲಿ ಏನಿದೆಯೋ ಎಂಬ ಕುತೂಹಲವನ್ನು ತಡೆದುಕೊಳ್ಳುವ ಜಾಯಮಾನ ನಿಮ್ಮದಲ್ಲ, ನನಗೆ ಗೊತ್ತಿದೆ.

ಮೊದಲು ನಿಮ್ಮ ಪೆನ್ಸಿಲ್ಲಿನ ವಿಷಯ. ನಮ್ಮ ಶಾಮಿಯಾನ-ಪಾತ್ರೆ ಅಂಗಡಿಗೆ ಆಡಿಟರ್ ಅಮರಪ್ಪನವರು ಬರೆದು ಕಳಿಸಿದ ಒಪ್ಪಂದದ ಕಾಗದಕ್ಕೆ ಸಹಿ ಹಾಕದೆ ವಾಪಸ್ ಕಳಿಸಿದ್ದೀರಿ. ಅದು ಸಾಲದು ಅಂತ ಸಹಿಯ ಜಾಗದಲ್ಲಿ ಪೆನ್ಸಿಲ್ಲಿನಿಂದ 'ಅಮ್ಮನವರನ್ನು ಕೇಳಿ' ಅಂತ ಬರೆದಿದ್ದೀರಿ. ನೀವು ಚುಚ್ಚುವುದಕ್ಕೆ ಬರೆದದ್ದು ಅಂತ ನನಗೆ ಅರ್ಥವಾಯಿತು, ಅಮರಪ್ಪನವರಿಗೂ ಆಯಿತು. ನಿಮ್ಮ ತಂದೆಯವರಿಗೆ ಆಗಲಿಲ್ಲ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. 'ನೋಡ್ದೇನಮ್ಮ, ನಮ್ ಚಲುವಂಗೂ ದೇವ್ರು ಬುದ್ಧಿ ಕೊಟ್ಟ' ಅಂತ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಅಲ್ಲಿಗೆ ಮುಗಿಯಿತು. ಮುಂದಿನ ಶುಕ್ರವಾರ, ಶ್ರಾವಣದ ಮೊದಲ ಶುಕ್ರವಾರ ಬೆಳಿಗ್ಗೆ, ಈ ಒಪ್ಪಂದ ಬೇಕೋ ಬೇಡವೋ ಅಂತ ಮನೆದೇವತೆ ಮುತ್ಯಾಲಮ್ಮನ ಮುಂದೆ ಹೂ ಕೇಳುವುದಾಗಿ ತೀರ್ಮಾನವಾಗಿದೆ. ಆಡಿಟರು ಎರಡು ತಿಂಗಳು ಕೂತು ಬರೆದ ಕಾಗದದ ಹಣೆಬರಹವನ್ನು ಈಗ ಒಂದು ಸೇವಂತಿಗೆ ಹೂವು ಹೇಳಬೇಕು. ಎಲ್ಲ ನಿಮ್ಮ ಒಂದು ಪೆನ್ಸಿಲ್ಲಿನ ಕೃಪೆ.

ಈ ಒಪ್ಪಂದ ಯಾಕೆ ಬಂತು ಅಂತ ನಿಮಗೆ ಯಾರೂ ಹೇಳಿರಲಾರರು. ಮೇ ತಿಂಗಳಲ್ಲಿ ನಡೆದದ್ದನ್ನು ಹೇಳುತ್ತೇನೆ, ನಗಬೇಡಿ. ಒಂದೇ ಭಾನುವಾರಕ್ಕೆ ನಿಮ್ಮಣ್ಣ ಮುನಿರಾಜಪ್ಪನವರು ಲಿಂಗರಾಜಪುರದ ಒಂದು ಮದುವೆ ಒಪ್ಪಿಕೊಂಡು ತಮ್ಮ ಮೊಬೈಲಿನಲ್ಲಿ ಬರೆದಿಟ್ಟುಕೊಂಡರು. ಅದೇ ಭಾನುವಾರಕ್ಕೆ ಮಾವನವರು ವಿಮಾನಪುರದ ಒಂದು ನಾಮಕರಣಕ್ಕೆ ವೀಳ್ಯ ತೆಗೆದುಕೊಂಡರು. ಮಾವನವರು ವೀಳ್ಯದೆಲೆ ಕೈಗೆ ತೆಗೆದುಕೊಂಡ ಮೇಲೆ ಬ್ರಹ್ಮ ಬಂದರೂ ಆ ಮಾತು ತಿರುಗುವುದಿಲ್ಲವಲ್ಲ. ಎರಡನ್ನೂ ನನ್ನ ಬುಕಿಂಗ್ ಪುಸ್ತಕಕ್ಕೆ ಹೇಳುವ ಅಗತ್ಯ ಇಬ್ಬರಿಗೂ ಕಾಣಲಿಲ್ಲ. ದೊಡ್ಡ ಹಂಡೆಗಳು ಇರುವುದು ಒಂದೇ ಸೆಟ್ಟು. ಬೆಳಿಗ್ಗೆ ಅಣ್ಣ ಒಂದು ಲಾರಿ ತುಂಬಿಸಿದರು, ಅಪ್ಪ ಇನ್ನೊಂದು ತುಂಬಿಸಿದರು. ಒಬ್ಬರನ್ನೊಬ್ಬರು ಕೇಳುವ ಪದ್ಧತಿ ಈ ಮನೆಯಲ್ಲಿ ಎಲ್ಲಿದೆ? ಹಂಡೆಗಳು ಲಿಂಗರಾಜಪುರಕ್ಕೆ ಹೋದವು, ಮುಚ್ಚಳಗಳು ವಿಮಾನಪುರಕ್ಕೆ ಹೋದವು.

ವಿಮಾನಪುರದ ಅಡಿಗೆಯವನು ಫೋನ್ ಮಾಡಿ, 'ಅಕ್ಕ, ಮುಚ್ಚಳದಾಗೆ ಸಾಂಬಾರ್ ಮಾಡಕ್ ಆಗಲ್ಲ ಅಕ್ಕ, ನೀವೇ ಬಂದು ಮಾಡ್ತೀರಾ?' ಅಂತ ಕೇಳಿದ. ನಾನು ಆಟೋದಲ್ಲಿ ಹಲಸೂರು ಮಾರ್ಕೆಟ್ಟಿಗೆ ಓಡಿ ಪಾತ್ರೆ ಅಂಗಡಿಯವರ ಕಾಲು ಹಿಡಿದು ಹಂಡೆ ತಂದೆ. ಸಂಜೆ ಇಬ್ಬರೂ ಮನೆಗೆ ಬಂದು ಊಟಕ್ಕೆ ಕೂತರು. ತಪ್ಪು ಯಾರದು ಅಂತ ಒಬ್ಬರಾದರೂ ಕೇಳಿದರೇ? ನಿಮ್ಮಪ್ಪ 'ಗ್ರಹಚಾರ' ಅಂದರು. ನಿಮ್ಮಣ್ಣ 'ಉಪ್ಪಿನಕಾಯಿ' ಅಂದರು. ನನಗೆ ಆ ಜಾಡಿ ಎತ್ತಿ ಗೋಡೆಗೆ ಹೊಡೆಯಬೇಕು ಅನ್ನಿಸಿತ್ತು. ಬಡಿಸಿದೆ.

ಮಾರನೇ ದಿನ ಅಮರಪ್ಪನವರು ಬಂದಾಗ ನಾನೇ ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಅವರು ಮಾವನವರ ಎದುರಿಗೇ, 'ಯಜಮಾನ್ರೇ, ನಿಮ್ದು ಫರ್ಮ್ ಅಲ್ಲ, ನಾಲ್ಕ್ ಜನಾನೂ ಸ್ಟೇರಿಂಗ್ ಹಿಡ್ಕೊಂಡಿರೋ ಲಾರಿ. ಬ್ರೇಕ್ ಮೇಲೆ ಮಾತ್ರ ಯಾರ್ ಕಾಲೂ ಇಲ್ಲ' ಅಂದುಬಿಟ್ಟರು. ನಿಮ್ಮ ತಂದೆ ನಕ್ಕರು. ಬೇರೆ ಯಾರಾದರೂ ಅಂದಿದ್ದರೆ ಚಪ್ಪಲಿ ಹುಡುಕುತ್ತಿದ್ದರು, ಅಮರಪ್ಪನವರ ಮೇಲೆ ಅವರಿಗೆ ಮೊದಲಿನಿಂದಲೂ ಮರ್ಯಾದೆ. ಹಾಗೆ ಈ ಒಪ್ಪಂದ ಶುರುವಾಯಿತು. ಯಾರು ಯಾವ ಕೆಲಸಕ್ಕೆ ಜವಾಬ್ದಾರರು, ತಿಂಗಳಿಗೊಂದು ಸಲ ಎಲ್ಲರೂ ಕೂತು ಮಾತಾಡಬೇಕು, ದೊಡ್ಡ ವಿಷಯಕ್ಕೆ ಮತ ಹಾಕಬೇಕು, ತೀರ್ಮಾನ ಮಾಡಿದವರ ಹೆಸರು ಪುಸ್ತಕದಲ್ಲಿ ಬರೆದಿಡಬೇಕು. ಮೂರೇ ಪುಟ. ನೀವು ಮೊದಲ ಪುಟ ಬಿಟ್ಟು ಮುಂದೆ ಓದಿಲ್ಲ ಅಂತ ನಾನು ಪಂಥ ಕಟ್ಟುತ್ತೇನೆ.

ಓದಿದ್ದರೆ ನಾಲ್ಕನೇ ಕಲಮು ಕಣ್ಣಿಗೆ ಬೀಳುತ್ತಿತ್ತು. 'ಜಯಮಾಲಾ ಚಲುವಯ್ಯ, ಬುಕಿಂಗ್ ಮತ್ತು ಗೋಡೌನ್, ಪಾಲುದಾರರು, ಒಂದು ಮತ.' ಅಮರಪ್ಪನವರು ತಾವಾಗಿಯೇ ಬರೆದದ್ದು, ನಾನು ಕೇಳಿರಲಿಲ್ಲ. ಅದನ್ನು ಅವರು ಗಟ್ಟಿಯಾಗಿ ಓದಿದಾಗ ನಾನು ಒಳಗಡೆ ತಟ್ಟೆ ಎಣಿಸುತ್ತಿದ್ದೆ. ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದೆ, ಮತ್ತೆ ತಪ್ಪಿತು. ಇಷ್ಟು ವರ್ಷ ನಾನು ಈ ಅಂಗಡಿಯಲ್ಲಿ ಮಾಡಿದ್ದಕ್ಕೆ 'ಮನೆ ಸೊಸೆ ಸ್ವಲ್ಪ ನೋಡ್ಕೋತಾಳೆ' ಅನ್ನುವುದನ್ನು ಬಿಟ್ಟು ಬೇರೆ ಹೆಸರು ಇರಲಿಲ್ಲ. ನನಗೆ ಅಳು ಬಂತು ಅಂತ ಹೇಳಿಕೊಳ್ಳಲು ನಾಚಿಕೆಯಿಲ್ಲ. ಆ ಒಂದು ಸಾಲು ನನಗೆ ಬೇಕು. ಜೀವನದಲ್ಲಿ ಬೇರೇನನ್ನೂ ಇಷ್ಟು ಬಯಸಿದ ನೆನಪಿಲ್ಲ.

ಭಾವನವರು ಏನಂದರು ಅಂತ ಊಹಿಸಬಲ್ಲಿರಿ. 'ಹೆಣ್ಮಕ್ಳು ಸೈನ್ ಹಾಕೋಕ್ ಶುರು ಮಾಡಿದ್ರೆ ನಾಳೆ ನಮ್ಮನೆಯವ್ಳೂ ಕೇಳ್ತಾಳೆ' ಅಂದರು. ಅಡಿಗೆಮನೆಯಿಂದ ಅಮೃತಮ್ಮಕ್ಕ, 'ನಾನ್ಯಾಕ್ ಕೇಳ್ಲಿ? ನಿಮ್ ಸೈನ್ ನಂಬ್ಕೊಂಡು ಹಂಡೆ ಒಂದ್ ಕಡೆ ಮುಚ್ಚಳ ಒಂದ್ ಕಡೆ ಹೋಗಿರೋದು ಸಾಕು' ಅಂತ ಕೂಗಿದರು. ಅವರ ಮಗ ಸಿದ್ಧಾರ್ಥ್, ಕಾಲೇಜು ಇನ್ನೂ ಎರಡನೇ ವರ್ಷ, ಒಂದು ದಿನ ಗೋಡೌನಿನ ಬೀಗ ತೆಗೆದವನಲ್ಲ, ಅವನ ಹೆಸರು ಮೂರನೇ ಕಲಮಿನಲ್ಲಿ ಇದೆ. ಅದಕ್ಕೆ ಯಾರ ತಕರಾರೂ ಇಲ್ಲ. ಹೂ ಕೇಳುವ ಮಾತೂ ಎತ್ತಲಿಲ್ಲ. ನನ್ನ ಕಲಮು ಬಂದಾಗ ಮಾತ್ರ ಎಲ್ಲರಿಗೂ ದೇವರು ನೆನಪಾಯಿತು.

ಈಗ ನಾನು ಕಾಗದ ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಬೇರೆಯವರನ್ನು ಬೈಯುತ್ತಾ ಬಂದದ್ದು ಇದನ್ನು ಮುಂದೂಡುವುದಕ್ಕೇ ಅಂತ ನಿಮಗೂ ಅನ್ನಿಸಿರಬಹುದು.

ಹೂ ಕೇಳುವ ದಿನ ತಾಯಿಗೆ ಹೂ ಮುಡಿಸುವವರು ಯಾರು ಅಂತ ನೀವು ಎಂದಾದರೂ ಯೋಚನೆ ಮಾಡಿದ್ದೀರಾ? ಗಂಡಸರು ಸ್ನಾನ ಮಾಡಿ ಬಂದು ಕೈಮುಗಿದು ನಿಲ್ಲುವ ಹೊತ್ತಿಗೆ ಅಲಂಕಾರ ಮುಗಿದಿರುತ್ತದೆ. ಮೊದಲು ಅತ್ತೆ ಗೋವಿಂದಮ್ಮನವರು ಮಾಡುತ್ತಿದ್ದರು. ನಾನು ಈ ಮನೆಗೆ ಬಂದ ಮೂರನೇ ವರ್ಷ ಅವರ ಕೈ ನಡುಗಲು ಶುರುವಾಯಿತು, ಅಂದಿನಿಂದ ನಾನೇ ಮಾಡುತ್ತಿದ್ದೇನೆ. ತಾಯಿಯ ಎರಡು ಭುಜಕ್ಕೂ ಒಂದೊಂದು ಸೇವಂತಿಗೆ. ಮಾವನವರು ಪ್ರಶ್ನೆ ಕೇಳಿದ ಮೇಲೆ ಬಲಗಡೆಯದು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ನಮ್ಮ ಎರಡನೇ ಲಾರಿ, ಗೋಡೌನಿನ ಜಾಗ, ಕೆಲಸಕ್ಕೆ ಯಾರು ಬೇಕು ಯಾರು ಬೇಡ, ಎಲ್ಲವೂ ಹೀಗೇ ಆದದ್ದು.

ಎರಡನೇ ಲಾರಿಯ ವಿಷಯ ಕೇಳಿದ ದಿನ ತೇದಿದ್ದ ಗಂಧ ಒಂದು ಕಡೆಗೆ ಮಾತ್ರ ಸಾಕಾಯಿತು. ಎಡಗಡೆಯ ಹೂವನ್ನು ಗಂಧದಲ್ಲಿ ಅಂಟಿಸಿದೆ, ಬಲಗಡೆಯದನ್ನು ಬರೀ ನೀರಿನಲ್ಲಿ. ಸ್ವಲ್ಪ ಹೊತ್ತಿಗೆ ಬಲಗಡೆಯದು ಬಿತ್ತು, ಎಲ್ಲರೂ ಕೆನ್ನೆ ಬಡಿದುಕೊಂಡರು, ನಾನೂ ಬಡಿದುಕೊಂಡೆ. ಮಧ್ಯಾಹ್ನ ಪೂಜೆಯ ಪಾತ್ರೆ ತೊಳೆಯುವಾಗ ನನಗೆ ಹೊಳೆಯಿತು. ಗಂಧ ಒಣಗಿದರೆ ಹಿಡಿದುಕೊಳ್ಳುತ್ತದೆ, ನೀರು ಆರಿದರೆ ಬಿಟ್ಟುಬಿಡುತ್ತದೆ. ಅಷ್ಟೇ ಗುಟ್ಟು. ಆಮೇಲೆ ಮೂರು ಸಲ ನಾನು ಬೇಕೆಂದೇ ಮಾಡಿದ್ದೇನೆ. ಸೋರುತ್ತಿದ್ದ ಗೋಡೌನು ಬಿಡಬೇಕೇ ಅಂತ ಕೇಳಿದಾಗ ಬಿಡಿಸಿದೆ. ನಿಮ್ಮಣ್ಣ ಒಬ್ಬ ಕುಡುಕನನ್ನು ಡ್ರೈವರ್ ಮಾಡಬೇಕು ಅಂದಾಗ ತಪ್ಪಿಸಿದೆ. ಆ ಎರಡೂ ಒಳ್ಳೆಯದೇ ಆಯಿತು. ಹೀಗೆ ಮಾಡದೆ ಇನ್ನೇನು ಮಾಡಬೇಕಿತ್ತು ಹೇಳಿ? ಗಂಡಸರು ಮಾತಾಡುವಾಗ ನಾನು ಕಾಫಿ ಕೊಟ್ಟು ಒಳಗೆ ಹೋಗಬೇಕು. ಗೋಡೌನಿನ ಒಳಗೆ ಎಲ್ಲಿ ಸೋರುತ್ತದೆ ಅಂತ ಗೊತ್ತಿರುವವಳು ನಾನೊಬ್ಬಳೇ, ಕೇಳುವುದು ಮಾತ್ರ ನನ್ನನ್ನಲ್ಲ.

ಮೂರನೆಯದು ನಿಮ್ಮ ಕಲ್ಯಾಣ ಮಂಟಪ.

ಹೌದು. ಮೂರು ವರ್ಷದ ಹಿಂದೆ, ಮಹದೇವಪುರದಲ್ಲಿ ರಿಂಗ್ ರೋಡಿನ ಪಕ್ಕದ ಆ ಜಾಗವನ್ನು ಗುತ್ತಿಗೆಗೆ ತೆಗೆದುಕೊಂಡು ಮಂಟಪ ಕಟ್ಟೋಣ, ಎಷ್ಟು ದಿನ ಅಂತ ಬೀದಿಬೀದಿಯಲ್ಲಿ ಕಂಬ ನೆಡುವುದು ಅಂತ ನೀವು ಹೇಳಿದಾಗ, ತಾಯಿಯ ಎಡಗಡೆಯ ಹೂವನ್ನು ನೀರಿನಲ್ಲಿ ಅಂಟಿಸಿದವಳು ನಾನು. ಅದು ಬಿತ್ತು. ನೀವು ಅಂಗಳಕ್ಕೆ ಹೋಗಿ ಹಗ್ಗ ಸುತ್ತುತ್ತಾ ಕೂತಿರಿ. ನಾನು ಪ್ರಸಾದ ತಂದುಕೊಟ್ಟೆ, ನೀವು ತಿಂದಿರಿ. ಆ ಜಾಗ ಕೆರೆಯ ತಗ್ಗು, ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುತ್ತದೆ, ಮುಳುಗಿಹೋಗುತ್ತೇವೆ ಅಂತ ನನಗೆ ಭಯವಾಗಿತ್ತು. ಅದಕ್ಕೇ ಹಾಗೆ ಮಾಡಿದೆ.

ನನ್ನ ಲೆಕ್ಕಾಚಾರ ತಪ್ಪಾಯಿತು. ಆ ಜಾಗ ತೆಗೆದುಕೊಂಡವರು ಮಂಟಪದ ನೆಲವನ್ನು ಆಳೆತ್ತರ ಎತ್ತರಿಸಿ ಕಟ್ಟಿದರು. ಹೋದ ವರ್ಷದ ಮಳೆಗೆ ರಸ್ತೆಯೆಲ್ಲ ಹೊಳೆಯಾದಾಗಲೂ ಅವರ ಮೆಟ್ಟಿಲಿನ ಮೇಲೆ ಜನ ಒಣ ಬಟ್ಟೆಯಲ್ಲೇ ನಿಂತಿದ್ದರಂತೆ. ಮುಂದಿನ ವೈಶಾಖದವರೆಗೂ ಒಂದು ಮುಹೂರ್ತ ಖಾಲಿ ಇಲ್ಲವಂತೆ. ನನ್ನ ಹೊಟ್ಟೆ ಎಷ್ಟು ಉರಿಯುತ್ತದೆ ಅಂತ ನಿಮಗೆ ಗೊತ್ತಿಲ್ಲ, ಯಾಕೆಂದರೆ ಉರಿಯನ್ನು ತೋರಿಸಿಕೊಳ್ಳುವ ಹಕ್ಕೂ ನನಗಿರಲಿಲ್ಲ.

ಅದರ ಉದ್ಘಾಟನೆಗೆ ಹೊರಗಿನ ಶಾಮಿಯಾನ ಹಾಕಿದ್ದು ನಾವು. ನಿಮ್ಮಪ್ಪ ವೀಳ್ಯ ತೆಗೆದುಕೊಂಡಿದ್ದರು, ನಿಮಗೆ ಬೇಡ ಅನ್ನಲಾಗಲಿಲ್ಲ. ನೀವು ಕೊನೆಯ ಗಂಟು ಬಿಗಿದು ಮನೆಗೆ ಬಂದು ಗೋಡೌನಿನ ಬೀಗದ ಕೈಯನ್ನು ಅವರ ಕಾಲ ಹತ್ತಿರ ಎಸೆದು, 'ಇನ್ ಮೇಲೆ ಅಮ್ಮನವ್ರ ಹತ್ರಾನೇ ಲೋಡ್ ಮಾಡಿಸ್ಕೊಳ್ಳಿ' ಅಂದಿರಿ. ನನ್ನ ಕಡೆ ತಿರುಗಿ 'ಬರ್ತೀಯಾ?' ಅಂತ ಕೇಳಿದಿರಿ. ನಾನು ಪೆದ್ದಿಯ ಹಾಗೆ, ನಾಳೆ ಎರಡು ಆರ್ಡರ್ ಇದೆ, ಗೋಡೌನು ಯಾರು ನೋಡುತ್ತಾರೆ ಅಂದೆ. 'ನಿಂಗೆ ಗಂಡ ಬೇಕಾ ಗೋಡೌನ್ ಬೇಕಾ?' ಅಂತ ಕೇಳಿ, ಉತ್ತರಕ್ಕೂ ಕಾಯದೆ ಹೋದಿರಿ. ಒಂದು ವರ್ಷ ಐದು ತಿಂಗಳಾಯಿತು. ಎರಡೂ ಬೇಕು ಅನ್ನುವ ಉತ್ತರ ನನಗೆ ಹೊಳೆಯುವಷ್ಟರಲ್ಲಿ ನಿಮ್ಮ ಗಾಡಿ ಕೆರೆ ಏರಿ ದಾಟಿತ್ತು.

ಈ ಮನೆಯ ಆಡಳಿತದ ಚಂದ ನೋಡಿ. ನಾನು ನಿಮ್ಮ ಬದುಕಿನ ದೊಡ್ಡ ಕೆಲಸವನ್ನು ಕೆಡಿಸಿದೆ. ಆದರೆ ಮೂರು ವರ್ಷದಲ್ಲಿ ಯಾರೂ ನನ್ನನ್ನು 'ಯಾಕೆ ಹೀಗೆ ಮಾಡಿದೆ?' ಅಂತ ಕೇಳಲಿಲ್ಲ. ಕೇಳುವ ಹಾಗೇ ಇಲ್ಲ, ಹೇಳಿದ್ದು ದೇವರಲ್ಲವೇ? ಹಂಡೆ ತಪ್ಪಿದರೆ ಗ್ರಹಚಾರ, ಮಂಟಪ ತಪ್ಪಿದರೆ ಅಮ್ಮನವರ ಇಚ್ಛೆ. ತಾಯಿಯ ಮೇಲೆ ನನಗೆ ನಂಬಿಕೆ ಇಲ್ಲ ಅಂತ ತಿಳಿಯಬೇಡಿ. ನಂಬಿಕೆ ಇರುವುದರಿಂದಲೇ ಮೂರು ವರ್ಷದಿಂದ ದೀಪ ಹಚ್ಚುವಾಗ ಅವಳ ಮುಖ ನೋಡದೆ ಪಾದ ನೋಡುತ್ತಿದ್ದೇನೆ.

ನಿನ್ನೆ ಅತ್ತೆಯವರು ಕರೆದು, 'ಶುಕ್ರವಾರ ಬೇಗ ಎದ್ದು ಅಮ್ಮಂಗೆ ಹೂ ನೀನೇ ಮುಡಿಸ್ಬೇಕು ಜಯಾ' ಅಂದರು. ನನಗೆ ನಗು ಬಂತು. ಎಷ್ಟು ಸುಲಭ! ಎಡಗಡೆ ಸ್ವಲ್ಪ ಗಂಧ, ಬಲಗಡೆ ಸ್ವಲ್ಪ ನೀರು. ಕಾಲು ಗಂಟೆಯಲ್ಲಿ ನಾನು ಪಾಲುದಾರಳು. ನಿಮ್ಮಣ್ಣನೂ ತುಟಿ ಬಿಚ್ಚುವಂತಿಲ್ಲ. ನಿನ್ನೆಯೆಲ್ಲ ನಾನು ಅದನ್ನೇ ಮಾಡುವವಳಿದ್ದೆ, ಸುಳ್ಳು ಯಾಕೆ ಹೇಳಲಿ. ಹೂವಾಡಗಿತ್ತಿ ಸಾಬಮ್ಮನಿಗೆ ದೊಡ್ಡ ಸೇವಂತಿಗೆಯನ್ನೇ ತರಲು ಹೇಳಿಯೂ ಆಗಿದೆ, ದೊಡ್ಡದಾದರೆ ಭಾರಕ್ಕೆ ಬೇಗ ಬೀಳುತ್ತದೆ.

ಆದರೆ ಈ ಬೆಳಿಗ್ಗೆ ಗೋಡೌನಿನಲ್ಲಿ ಕೂತು ಒಪ್ಪಂದವನ್ನು ಮತ್ತೆ ಓದಿದೆ. 'ತೀರ್ಮಾನ ಮಾಡಿದವರ ಹೆಸರು ಬರೆದಿಡಬೇಕು' ಅನ್ನುವ ಸಾಲಿನ ಹತ್ತಿರ ನಿಂತುಬಿಟ್ಟೆ. ಕಳ್ಳತನದಿಂದ ಆ ಪುಸ್ತಕದೊಳಗೆ ಹೋಗಿ ಕೂತರೆ ನನಗೂ ಎಲ್ಲವನ್ನೂ ದೇವರ ಮೇಲೆ ಹಾಕುವ ನಿಮ್ಮಪ್ಪನಿಗೂ ಏನು ವ್ಯತ್ಯಾಸ? ಬೇಡ. ಶುಕ್ರವಾರ ನಾನು ಹೂ ಮುಡಿಸುವುದಿಲ್ಲ. ಎಲ್ಲರೂ ನಿಂತಿರುವಾಗ ನನ್ನ ಬಾಯಿಂದಲೇ ಹೇಳುತ್ತೇನೆ, ಮೂರು ಸಲವೂ ನಾನೇ ಅಂತ. ಆಮೇಲೆ, ನನಗೆ ಈ ಫರ್ಮಿನಲ್ಲಿ ಪಾಲು ಬೇಕು, ಕೊಡುತ್ತೀರೋ ಇಲ್ಲವೋ ನನ್ನ ಮುಖ ನೋಡಿ ಹೇಳಿ ಅಂತ ಕೇಳುತ್ತೇನೆ. ನಿಮ್ಮಪ್ಪ ಮನೆಯಿಂದ ಹೊರಗೆ ಕಳಿಸಬಹುದು. ದೇವರಿಗೆ ಅಪಚಾರ ಮಾಡಿದಳು ಅಂತ ಅತ್ತೆ ಈ ಜನ್ಮದಲ್ಲಿ ನನ್ನ ಕೈಯ ನೀರು ಮುಟ್ಟದೇ ಇರಬಹುದು. ನಾಲ್ಕನೇ ಕಲಮಿನ ಮೇಲೆ ಗೀಟು ಬೀಳುವುದಂತೂ ಹೆಚ್ಚುಕಡಿಮೆ ಖಂಡಿತ. ನನಗೆ ಹೆದರಿಕೆಯಾಗಿದೆ, ಬಹಳ ಹೆದರಿಕೆಯಾಗಿದೆ.

ಅವರಿಗಿಂತ ಮೊದಲು ನಿಮಗೆ ತಿಳಿಯಬೇಕಿತ್ತು, ಅದಕ್ಕೇ ಬರೆದೆ. ಕ್ಷಮಿಸಿ ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಒಂದು ಮಾತು ಮಾತ್ರ ನಡೆಸಿಕೊಡಿ. ಶುಕ್ರವಾರ ಎಂಟು ಗಂಟೆಗೆ ಬನ್ನಿ. ನನ್ನ ಪರವಾಗಿ ಮಾತಾಡಿ ಅಂತ ಕೇಳುತ್ತಿಲ್ಲ, ಬಂದು ಬೈದರೂ ಸರಿ. ನಿಮ್ಮ ಮತವೂ ಆ ಕಾಗದದಲ್ಲಿ ಇದೆ. ಬೇಡ ಅನ್ನುವುದಾದರೆ ಪೆನ್ಸಿಲ್ಲಿನಲ್ಲಿ ಬರೆಯದೆ ಒಳಗೆ ಬಂದು ಬೇಡ ಅನ್ನಿ. ಗೇಟಿನ ಹತ್ತಿರ ನಿಂತು ಹಾರ್ನ್ ಮಾತ್ರ ಹೊಡೆಯಬೇಡಿ.

ಪ್ರಿಯಾ ಚೆನ್ನಾಗಿದ್ದಾಳೆ. ನಿಮ್ಮ ರೂಮಿನಲ್ಲಿ ಅನ್ನ ಮುದ್ದೆಯಾಗುತ್ತದೆ ಅಂತ ಹೇಳಿದಳು. ಕುಕ್ಕರಿಗೆ ನೀರು ಕಡಿಮೆ ಹಾಕಿ.

ಇಂತಿ, ಇನ್ನೂ ನಿಮ್ಮವಳೇ ಆದ,
ಜಯಮಾಲಾ

ಮರೆತದ್ದು: ಮರೆತದ್ದಲ್ಲ, ಬಚ್ಚಿಟ್ಟದ್ದು. ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಕೆರೆಯ ತಗ್ಗು, ಮಳೆಯ ನೀರು ಅಂತ ಮೇಲೆ ಬರೆದದ್ದು ಸುಳ್ಳು. ಆ ಜಾಗದಲ್ಲಿ ನೀರು ನಿಲ್ಲುತ್ತದೆ ಅಂತ ನನಗೆ ಆಗ ಗೊತ್ತೇ ಇರಲಿಲ್ಲ. ಮಂಟಪದ ಯೋಜನೆಯನ್ನು ನೀವು ಕೈಯಲ್ಲಿ ಬರೆದು, ಶಿವಾಜಿನಗರದಲ್ಲಿ ಟೈಪ್ ಮಾಡಿಸಿಕೊಂಡು ಬಾ ಅಂತ ನನ್ನ ಕೈಗೇ ಕೊಟ್ಟಿದ್ದಿರಿ, ನೆನಪಿದೆಯೇ? ಕೊನೆಯ ಪುಟದಲ್ಲಿ ಪಾಲುದಾರರು ಅಂತ ಹೆಸರುಗಳಿದ್ದವು. ನಿಮ್ಮಪ್ಪ, ನಿಮ್ಮಣ್ಣ, ನೀವು, ಆಗ ಹತ್ತನೇ ಕ್ಲಾಸಿನಲ್ಲಿದ್ದ ಸಿದ್ಧಾರ್ಥ್. ನಾಲ್ಕನೆಯ ಹೆಸರು ಟೈಪ್ ಮಾಡಿದ ಮೇಲೆ ಟೈಪಿಸ್ಟ್ ಹುಡುಗಿ ಕೈ ನಿಲ್ಲಿಸಿ, 'ಅಷ್ಟೇನಾ ಮೇಡಂ, ಇನ್ನೂ ಯಾರಾದ್ರೂ ಇದಾರಾ?' ಅಂತ ಕೇಳಿದಳು. ನಾನು ನಿಮ್ಮ ಹಾಳೆಯನ್ನು ತಿರುಗಿಸಿ ಹಿಂದೆಯೂ ನೋಡಿ, ಅಷ್ಟೇ ಅಂದೆ.